ಜಗಳಕ್ಕೊಂದು ವೈರು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಗಂಡ ಹುಕ್ಕೇರಿ ಕಡೆಯ ಹೊಲದಲ್ಲಿ ಉಂಡು, ಹೆಂಡತಿ ಮೂಡಲಗಿ ಹತ್ತಿರದ ಹಳ್ಳಿಯಲ್ಲಿ ಮಲಗಿದರೆ ಆ ಜಗಳ ಮುಗಿಯುವುದು ಯಾವಾಗ? ಈ ಗಾದೆ ಕಟ್ಟಿದವರ ಮನೆಯಲ್ಲಿ ಕುರಿ ಇರಲಿಲ್ಲ ಎಂದು ಕಾಣುತ್ತದೆ.

ನಮ್ಮ ಮನೆಯಲ್ಲಿ ಇವೆ. ನನ್ನ ಗಂಡ ದೀಪಾವಳಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಹೋದವರು, ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುತ್ತ, ಇವತ್ತು ಒಬ್ಬರ ಹೊಲ ನಾಳೆ ಇನ್ನೊಬ್ಬರದು ಎಂದು ಹುಕ್ಕೇರಿ, ಸಂಕೇಶ್ವರದ ಸುತ್ತ ತಿರುಗುತ್ತಿದ್ದರು. ಅವರ ಹೆಸರು ಲಕ್ಷ್ಮಣ. ಬಾಯಿಬಿಟ್ಟು ಹೇಳಬಾರದಂತೆ, ಬರೆಯಬಾರದು ಎಂದು ಯಾರೂ ಹೇಳಿಲ್ಲ. ಬೆಳಿಗ್ಗೆ ಹೊರಟು ಗೋಕಾಕದಲ್ಲಿ ಬಸ್ಸು ಬದಲಿಸಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದಾದ ದೂರ. ಆದರೆ ಕುರಿ ಬಿಟ್ಟು ಅವರು ಬರುವಂತಿಲ್ಲ, ಮನೆ ಬಿಟ್ಟು ನಾನು ಹೋಗುವಂತಿಲ್ಲ. ನಿಜವಾಗಿಯೂ ದೂರದಲ್ಲಿದ್ದಿದ್ದರೆ ಮನಸ್ಸು ಹೇಗೋ ಒಪ್ಪಿಕೊಳ್ಳುತ್ತಿತ್ತು.

ಜಗಳ ಇಷ್ಟೇ. ಹಿಂಡಿನ ಜೊತೆ ಹೊರಟವರು ಹಿಂದಕ್ಕೆ ತಿರುಗಿ ನೋಡಬಾರದು, ನೋಡಿದರೆ ಕುರಿಗೆ ಒಳ್ಳೆಯದಲ್ಲ ಎನ್ನುವುದು ನಮ್ಮ ಮನೆಯ ಪದ್ಧತಿ. ಇವರು ನೋಡಲಿಲ್ಲ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಓಣಿಯ ತಿರುವಿನಲ್ಲಿ ರುಮಾಲು ಸರಿಮಾಡಿಕೊಳ್ಳುವ ನೆಪದಲ್ಲಾದರೂ ಕತ್ತು ಒಂದಿಷ್ಟು ಹೊರಳಿಸಬಹುದಿತ್ತು. ಬಿಳಿ ರುಮಾಲು ಧೂಳಿನಲ್ಲಿ ಸಣ್ಣದಾಗುತ್ತ ಹೋಯಿತು. ಅವತ್ತಿನಿಂದ ನನಗೆ ಸಿಟ್ಟು, ಸಿಟ್ಟಿಗಿಂತ ಹೆಚ್ಚು ಅವರ ನೆನಪು. ಕಣ್ಣೆದುರು ಕೂರಿಸಿಕೊಂಡು ಮನಸಾರೆ ಬಯ್ಯಬೇಕಿತ್ತು.

ಬಯ್ಯುವುದೆಲ್ಲಿ? ಮಾವ ಕಲ್ಲಪ್ಪ ಕುಸ್ತಿ ನೋಡಲಿಕ್ಕೆಂದು ಹಾಕಿಸಿದ ವೈಫೈ ಪಡಸಾಲೆಯಲ್ಲಿ, ಅವರ ತಲೆಯ ಮೇಲೆಯೇ ಇದೆ. ನನ್ನ ಕೋಣೆ ಹಿಂದುಗಡೆ. ನಡುವೆ ಅಜ್ಜನ ಕಾಲದ ಕಲ್ಲುಮಣ್ಣಿನ ದಪ್ಪ ಗೋಡೆ. ನನ್ನ ಕೋಣೆಯ ಹೊಸ್ತಿಲಿಗೆ ಬಂದರೆ ವೈಫೈ ಸತ್ತಿತು, ಬರೀ ಫೋನಿಗೂ ಅಲ್ಲಿ ರೇಂಜ್ ಇಲ್ಲ. ಮಾಳಿಗೆ ಏರಿದರೆ ಇಡೀ ಓಣಿಗೆ ಕೇಳುತ್ತದೆ. ಸಂಜೆ ಅವರ ವಿಡಿಯೋ ಕಾಲ್ ಬಂದರೆ ಫೋನು ಮಾವನ ಕೈಯಿಂದ ಅತ್ತೆಯ ಕೈಗೆ, ಯಾವ ಕುರಿ ಕುಂಟಿತು, ಯಾವುದು ಮರಿ ಹಾಕಿತು ಎಂದೆಲ್ಲ ಮುಗಿದ ಮೇಲೆ ನನ್ನ ಕೈಗೆ. ಎಲ್ಲರ ಕಣ್ಣು ನನ್ನ ಮೇಲೆ.

"ಉಂಡ್ರಿ?"

"ಉಂಡ್ನಿ. ನೀ?"

"ಹೂಂ."

ಅಷ್ಟೇ ನಮ್ಮ ಸಂಸಾರ. ಅಷ್ಟರಲ್ಲಿ ಮಾವ ಕೈ ಚಾಚುತ್ತಿದ್ದರು.

ಕಡೆಗೆ ವೈಫೈ ಕೂಡಿಸಿದ್ದ ಗೋಕಾಕದ ವಿಶಾಲನನ್ನು ಕರೆಸಿದೆ. ಅವನು ಗೋಡೆ ಬಡಿದು ನೋಡಿದ.

"ಅಕ್ಕಾರ, ಈ ಗ್ವಾಡಿ ದಾಟಿ ಸಿಗ್ನಲ್ ಬರಾಂಗಿಲ್ರಿ. ಇಲ್ಲಿಂದ ವೈರ್ ಎಳದು ನಿಮ್ಮ ಖೋಲ್ಯಾಗ ಇನ್ನೊಂದು ಡಬ್ಬಿ ಕೂಡಸೂನು. ಅಕ್ಸೆಸ್ ಪಾಯಿಂಟ್ ಅಂತಾರ. ಅದು ಅಲ್ಲೇ ವೈಫೈ ಕೊಡತೈತಿ. ಬ್ಯಾರೆ ಕಡೆ ಕೊರದ್ರ ಮಣ್ಣು ಕುಸೀತೈತಿ, ಈ ಮಾಡದಾಗ ಗ್ವಾಡಿ ತೆಳ್ಳಗೈತಿ, ಇಲ್ಲೇ ತೂತು ಹೊಡಿಯೂನು."

ಮಾಡವೆಂದರೆ ಪಡಸಾಲೆಯ ಕಡೆಯಿಂದ ಗೋಡೆಯಲ್ಲಿ ಕೊರೆದ ದೇವರ ಗೂಡು. ಅದರಲ್ಲಿ ಬೀರಪ್ಪ, ಬೀರಪ್ಪನ ಹಿಂದೆ ತೂಗುಹಾಕಿದ ಕರಿ ಕಂಬಳಿ. ನಾನು ಸೊಸೆಯಾಗಿ ಬಂದಾಗಿನಿಂದ ಅದಕ್ಕೂ ಕೈಮುಗಿಯುತ್ತಿದ್ದೇನೆ. ವಿಶಾಲ ತೂತು ಹೊಡೆಯುವ ಮಷೀನು ಎತ್ತಿದ್ದೇ ತಡ, ಅತ್ತೆ ಸತ್ತೆವ್ವ ಅಡ್ಡ ಬಂದು ನಿಂತರು.

"ದೇವರ ಮಾಡಕ್ಕ ತೂತು ಹೊಡೀತಿಯೇನೋ? ಆ ಕಂಬಳಿ ಮುಟ್ಟಿದ್ರ ನೋಡು ಮತ್ತ!"

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ವೈರು ಹೊರಗಿನಿಂದ ಸುತ್ತುಹಾಕಿ, ಮರಿಗಳ ದೊಡ್ಡಿಯ ಬೇಲಿಯ ಮೇಲೆ ಹಾಯ್ದು, ನನ್ನ ಕಿಟಕಿಯಿಂದ ಒಳಗೆ ಬಂತು. ಎತ್ತರಕ್ಕೆ ಕಟ್ಟಲು ಬೊಂಬು ಬೇಕು ಎಂದ ವಿಶಾಲ. ಅದನ್ನು ಆಮೇಲೆ ನೋಡೋಣ, ಮೊದಲು ಚಾಲೂ ಮಾಡು ಎಂದೆ. ನನಗೆಲ್ಲಿಯ ತಡ!

ಅವತ್ತು ಸಂಜೆ ಬಾಗಿಲು ಹಾಕಿಕೊಂಡು ಕಾಲ್ ಮಾಡಿದೆ. ಅವರ ಮುಖ ಬಂತು. ಬಿಸಿಲಿಗೆ ಕಪ್ಪಾಗಿದ್ದರು, ಗಡ್ಡ ಬಂದಿತ್ತು. ಹಿಂದೆ ಯಾರೂ ಇಲ್ಲ, ನನ್ನ ಹಿಂದೆಯೂ ಯಾರೂ ಇಲ್ಲ.

"ನೋಡ್ರಿ, ನೀವು ಹೋಗೂವಾಗ..."

ಅಷ್ಟಕ್ಕೇ ಮುಖ ನಿಂತುಬಿಟ್ಟಿತು. ವೈಫೈ ಗುರುತು ಹಾಗೇ ಇದೆ, ನೆಟ್ ಇಲ್ಲ. ಕಿಟಕಿಯಿಂದ ನೋಡಿದರೆ ದೊಡ್ಡಿಯಲ್ಲಿ ಒಂದು ಮರಿ ವೈರನ್ನು ಜಾಲಿಕಾಯಿ ಮೆಲ್ಲುವ ಹಾಗೆ ಮೆಲ್ಲುತ್ತಿತ್ತು. ಹುಟ್ಟಿದಾಗಿನಿಂದ ಕುರಿಗಳ ನಡುವೆ ಬೆಳೆದವಳು ನಾನು, ಮರಿಯ ಬಾಯಿಗೆ ಎಟುಕುವಲ್ಲಿ ವೈರು ಹಾಯಿಸಿದ್ದೆ! ನೆಲಕ್ಕೆ ಕುಳಿತು ಅತ್ತುಬಿಟ್ಟೆ. ವೈರಿಗಾಗಿ ಯಾರಾದರೂ ಅಳುತ್ತಾರೆಯೇ? ನಾನು ಅತ್ತೆ.

ಅಳು ಕೇಳಿ ಅತ್ತೆಯವರು ಬಾಗಿಲು ತಳ್ಳಿಕೊಂಡು ಬಂದು ನಿಂತಿದ್ದರು. ಸ್ವಲ್ಪ ಹೊತ್ತು ನೋಡಿ ಹೋದರು.

ಮರುದಿನ ಮಾವ ಗೋಕಾಕಕ್ಕೆ ಹೋದದ್ದೇ ತಡ, ಅತ್ತೆಯೇ ವಿಶಾಲನಿಗೆ ಫೋನ್ ಮಾಡಿಸಿದರು. ಅವನು ಬಂದು ಮಷೀನು ಬಿಚ್ಚುತ್ತಿದ್ದಂತೆ, "ಅದು ಬ್ಯಾಡ," ಎಂದರು. ಬೀರಪ್ಪನಿಗೆ ಕೈಮುಗಿದು, ಕಂಬಳಿಯನ್ನು ಎತ್ತಿದರು.

ಹಿಂದೆ ಒಂದು ತೂತಿತ್ತು. ಒಳಗೆ ಹಳೆಯ ಬಟ್ಟೆಯ ಚೂರು ತುರುಕಿದ್ದರು. ಎಳೆದರೆ ಮಣ್ಣು ಉದುರಿ, ನನ್ನ ಕೋಣೆಯ ಬೆಳಕು ಈಚೆ ಬಂತು.

"ಯಾರು ಹೊಡದಿದ್ರಿ ಅವ್ವಾರ ಇದನ್ನ?" ವಿಶಾಲ ಕೇಳಿದ.

"ನೀ ನಿನ್ನ ವೈರ್ ನೋಡ್ಕೊ," ಎಂದು ಗದರಿಸಿ, ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು.

"ಆಗ ಆ ಖೋಲಿ ನಂದಿತ್ತು. ನಿಮ್ಮ ಮಾವ ಕುರಿ ಹೊಡಕೊಂಡು ಬಂದ್ರ ಪಡಸಾಲ್ಯಾಗ ಹಿರೇರ ಜೋಡಿ ಕುಂಡ್ರತಿದ್ದ. ನಾ ಹೊರಗ ಬರೂವಂಗಿದ್ದಿಲ್ಲ. ಹೊತ್ತ ಮುಳಗೂದ್ರಾಗ ಮತ್ತ ಹಿಂಡಿನ ಕಡೆ ಹೋಗಾಂವ. ಕುರಿ ಕತ್ತರಸೂ ಕತ್ತರೀಲೆ ದಿನಾ ಒಂದೀಟ ಒಂದೀಟ ಕೊರದೆ. ಆಮ್ಯಾಲ ನಮ್ಮತ್ತಿ ಕಣ್ಣಿಗೆ ಬಿದ್ದೀತಂತ ನಾನ ಕಂಬಳಿ ತೂಗಹಾಕಿದೆ. ಕಡ್ಡೀಲೆ ಅದನ್ನ ಒಂದೀಟ ಸರಿಸಿ ನೋಡತಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ನಂದು ಬರೇ ನೋಡೂದಾತು. ನೀ ಮಾತಾಡು."

ನನಗೆ ನಗು ಬಂತು, ಆಮೇಲೆ ಅಳು. ಇಷ್ಟು ವರ್ಷ ನಾನು ಕೈಮುಗಿದದ್ದು ಅತ್ತೆಯ ಹರೆಯಕ್ಕೆ.

ಆ ಸಂಜೆ ಬಾಗಿಲು ಹಾಕಿಕೊಂಡು ಜಗಳ ಮಾಡಿದೆ. ಬಾಗಿಲಲ್ಲಿ ನಿಂತದ್ದು, ರುಮಾಲು, ಓಣಿಯ ತಿರುವು, ಒಂದನ್ನೂ ಬಿಡಲಿಲ್ಲ. "ಕುರಿಗಿಂತ ಕಡಿಮಿ ಆದ್ನೇನ್ರಿ ನಾ?" ಎಂದೆ. ಹಿಂದೆ ಕುರಿಯ ಕೊರಳ ಗಂಟೆ ಸಪ್ಪಳ.

"ಹೊಳ್ಳಿ ನೋಡಿದ್ರ ಹೋಗಾಕ ಆಗತಿದ್ದಿಲ್ಲ, ಅರ್ಚನಾ," ಎಂದರು.

ನನ್ನ ಹೆಸರು ಅವರ ಬಾಯಲ್ಲಿ ಕೇಳಿ ಎಷ್ಟು ದಿನವಾಗಿತ್ತು! ಬಯ್ಯಲು ಮತ್ತೇನೂ ಉಳಿಯಲಿಲ್ಲ. ಆ ಡಬ್ಬಿಯ ಹಸಿರು ದೀಪದ ಕೆಳಗೆ ಅವರ ಮುಖ ನೋಡುತ್ತ ಕುಳಿತೆ. ಮುಟ್ಟಬೇಕೆನಿಸಿತು, ಫೋನಿನ ಗಾಜು ಮುಟ್ಟಿದೆ. ಬರುವುದು ಯಾವಾಗ ಎಂದು ನಾನು ಕೇಳಲಿಲ್ಲ, ಮಳೆಗಾಲದ ತನಕ ಇಲ್ಲವೆಂದು ನನಗೆ ಗೊತ್ತಿತ್ತು.

ಹೊರಗೆ ಬಂದರೆ ಅತ್ತೆ ಮಾಡದ ಕೆಳಗೆ ಜೋಳ ಹಸನು ಮಾಡುತ್ತಿದ್ದರು. ಕಂಬಳಿ ಮತ್ತೆ ತನ್ನ ಜಾಗದಲ್ಲಿ ತೂಗುತ್ತಿತ್ತು.

"ಕೇಳಸ್ತೇನ್ರಿ ಅತ್ತಿ?" ಎಂದೆ ನಾಚಿ.

"ಏನಿಲ್ಲವಾ. ಕಂಬಳಿ ದಪ್ಪ ಐತಿ."

ಮೊರ ಕೇರುತ್ತಲೇ ಇದ್ದರು. ಅಂಗಳದಲ್ಲಿ ಗೋಕಾಕದಿಂದ ಬಂದ ಮಾವ ಮರಿಗಳಿಗೆ ಸೊಪ್ಪು ತಪ್ಪಲು ಕಟ್ಟುತ್ತಿದ್ದರು. ಅತ್ತೆ ಅವರ ಬೆನ್ನನ್ನೇ ನೋಡುತ್ತಿದ್ದರು. ಕೈಯ ಮೊರ ನಿಂತಿತು.

"ನಿಮ್ಮ ಮಾವನೂ ಒಮ್ಮಿನೂ ಹೊಳ್ಳಿ ನೋಡಿದಾಂವ ಅಲ್ಲ," ಎಂದರು. "ಯಾಕಂತ ಇವತ್ತ ತಿಳೀತು ನೋಡು."