ಸ್ಪ್ಯಾಮಿನಾಗ ಬಿದ್ದ ಸೋಮವಾರದ ಪತ್ರ

ಫಯಾಜ್ ಸಿಟ್ಟಿನ ಮನಷ್ಯಾ ಅಂತ ನನಗ ಸಂಶಿ ಊರ ಮಂದಿ ಅಂತಾರ. ಅನ್ಲಿ ಬಿಡ್ರಿ. ಬಸ್‌ಸ್ಟ್ಯಾಂಡ್ ಬಾಜು ನಂದು ಝರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿನೂ ತುಂಬ್ತೀನಿ. ಮೂರು ವರ್ಷದಿಂದ ಪ್ರತಿ ಸೋಮವಾರ ಮುಂಜಾನೆ ಒಂದು ಪತ್ರ ಈಮೇಲ್ ಮಾಡ್ತೀನಿ. ಎಲ್ಲೆಲ್ಲಿ ನೌಕರಿ ಕರದಾರ, ಕಡೀ ತಾರೀಖು ಯಾವಾಗ, ಏನೇನ ಕಾಗದ ಬೇಕು, ಎಲ್ಲಾ ಅದರಾಗ. ಅಗದಿ ಪುಕ್ಕಟ. ಅಂಗಡಿಗೆ ಬಂದವರ್ನ ಒಬ್ಬರನ್ನೂ ಬಿಟ್ಟಿಲ್ಲ. "ನಿಮ್ಮ ಹೆಸರು ಹಾಕ್ಲೇನ್ರಿ?" ಅಂತಿದ್ದೆ, "ಹಾಕ್ರಿ, ಹಾಕ್ರಿ" ಅಂತಿದ್ರು. ಹಂಗ ನಾನೂರಾ ಹನ್ನೆರಡು ಮಂದಿ ಆದ್ರು.

ಹೋದ ಮಂಗಳವಾರ ಯರಗುಪ್ಪಿ ರೋಹಿಣಿ ಬಂದ್ಲು. ನನ್ನ ದೋಸ್ತ ಮಡಿವಾಳೆಪ್ಪನ ಮಗಳು. ಲ್ಯಾಬ್ ಟೆಕ್ನಿಷಿಯನ್ ಕಲ್ತು ಹತ್ತು ವರ್ಷಾತು, ಖಾಸಗಿ ಲ್ಯಾಬಿನಾಗ ದುಡಕೋತ ಸರ್ಕಾರಿ ಹುದ್ದೆಗೆ ಕಾಯಾಕತ್ತಾಳ.

"ಕಾಕಾ, ಪತ್ರ ಯಾಕ ನಿಲ್ಲಿಸಿದ್ರಿ?" ಅಂದ್ಲು.

"ನಿಲ್ಲಿಸಿದ್ನಾ? ಯಾರಂದ್ರವಾ ನಿನಗ?"

"ಒಂದೂವರಿ ತಿಂಗಳಾತ್ರಿ, ಒಂದೂ ಬಂದಿಲ್ಲ."

"ಲ್ಯಾಬ್ ಟೆಕ್ನಿಷಿಯನ್ ಹುದ್ದೆ ಕರದಿದ್ರಲ್ಲ! ನಿನ್ನ ಸಲುವಾಗಿನ ಎಲ್ಲಾದಕ್ಕಿಂತ ಮ್ಯಾಲೆ ಹಾಕಿದ್ದೆ. ಅರ್ಜಿ ಹಾಕಿಲ್ಲ?"

"ಕಡೀ ತಾರೀಖು ಯಾವಾಗ್ರಿ?"

"ನಿನ್ನೆ."

ಆಕಿ ಹಂಗ ಸ್ಟೂಲಿನ ಮ್ಯಾಲೆ ಕುಂತಬಿಟ್ಲು. ಆಕಿ ಫೋನ್ ಇಸ್ಕೊಂಡು ನೋಡಿದೆ. ಸ್ಪ್ಯಾಮ್ ಅಂತ ಒಂದು ಡಬ್ಬಿ ಇರತೈತೆಲ್ಲ, ಲಾಟರಿ ಹತ್ತೇತಿ, ಸಾಲ ಕೊಡ್ತೀವಿ ಅನ್ನೂ ಕಳ್ಳ ಪತ್ರ ಬೀಳೂ ಜಾಗಾ, ಅಲ್ಲಿ ಬಿದ್ದಿದ್ವು ನನ್ನ ಆರೂ ಪತ್ರ. ಒಂದೂ ತೆರದಿಲ್ಲ. ಯಾ ಅಲ್ಲಾ!

"ಮುಂದಿನ ಸಲ ಕರದಾಗ..." ಅಂದೆ.

"ಮುಂದಿನ ಸಲ ಇಲ್ರಿ ಕಾಕಾ. ಬರೂ ತಿಂಗಳು ನನ್ನ ವಯೋಮಿತಿ ಮುಗೀತೈತಿ."

ನನ್ನ ಪತ್ರ ಎಲ್ಲಾರಿಗೂ ಒಮ್ಮೆಲೆ ಕಳಿಸಿಕೊಡೂ ಈಮೇಲ್ ಕಂಪನಿಗೆ ಅಲ್ಲೇ ಫೋನ್ ಹಚ್ಚಿದೆ. ಇರಮ್ ಅನ್ನೂ ಹುಡುಗಿ ಎತ್ತಿದ್ಲು. ಬಾಯಿಗೆ ಬಂದಂಗ ಬೈದೆ. ಸ್ಪ್ಯಾಮಿಗೆ ಬೀಳಬಾರದು ಅಂದ್ರ ಹಿಂಗ ಮಾಡ್ರಿ ಅಂತ ನೀವು ಮದಲ ಹೇಳಿದ್ದಕ್ಕ ತಲಿಬರಹದಾಗಿನ 'ಉಚಿತ' ತಗದೆ, ಉದ್ಗಾರ ಚಿಹ್ನಿ ತಗದೆ, ಪತ್ರ ಕಳಸಾಂವ ನಾನ ಅಂತ ಸಾಬೀತು ಮಾಡೂ ದಾಖಲೆ ಕೂಡಿಸಿದೆ, ಇನ್ನೇನ್ ಮಾಡ್ಲಿ ಅಂದೆ. ಪಾಪ, ಆಕಿ ಎಲ್ಲಾ ಕೇಳಿದ್ಲು. "ಸರ್, ನಿಮ್ಮ ದಾಖಲೆಗಳೆಲ್ಲ ಸರಿ ಇವೆ. ನಿಮ್ಮ ಓದುಗರೇ ಸ್ಪ್ಯಾಮ್ ಅಂತ ಒತ್ತಿದ್ದಾರೆ. ಎರಡು ತಿಂಗಳಲ್ಲಿ ತುಂಬಾ ಜನ. ಹಾಗೆ ಒತ್ತಿದರೆ ಉಳಿದವರಿಗೆ ಹೋಗೋ ಪತ್ರನೂ ಅಲ್ಲೇ ಬೀಳುತ್ತೆ."

"ಯಾರ್ಯಾರು? ಹೆಸರು ಹೇಳ್ರಿ!"

"ಹೆಸರು ನಮಗೂ ಕಾಣಲ್ಲ ಸರ್."

ಫೋನ್ ಇಟ್ಟೆ. ನಾ ಯಾರ ಮನಿ ಹಾಳ ಮಾಡಿದ್ದೆ? ಯಾರು ನನ್ನ ಮ್ಯಾಲೆ ಈ ಪರಿ ಹಗೆ ತೀರಿಸ್ಕೊಂಡಾರ? ಅಷ್ಟರಾಗ ಮಡಿವಾಳೆಪ್ಪ ಕಿರಾಣಿ ಚೀಲ ಹಿಡ್ಕೊಂಡು ಬಾಗಲಿಗೆ ಬಂದ. ಮಗಳು ಝರಾಕ್ಸ್ ಮಷಿನ್ ಹಿಂದ ಕುಂತಿದ್ಲು, ಅವಂಗ ಕಾಣಲಿಲ್ಲ.

"ನೋಡಲೇ, ನನ್ನ ಪತ್ರಕ್ಕ ಯಾರೋ ಹಲ್ಕಟ್ ಮಂದಿ ಸ್ಪ್ಯಾಮ್ ಒತ್ಯಾರ!" ಅಂತ ಒದರಿದೆ.

ಅಂವಾ ಚೀಲ ಕೆಳಗಿಟ್ಟ. "ಅದರಾಗ ನಾನೂ ಒಬ್ಬಾಂವ" ಅಂದ.

"ನೀನಾ?" ಅಂದೆ.

"ಅರವತ್ತು ದಾಟಿದ ಮ್ಯಾಲೆ ನನಗ ಯಾವ ನೌಕರಿನೋ ಮಾರಾಯಾ? ದೋಸ್ತ ಕೇಳಾಕತ್ತಾನ, ಮಾರಿ ಮ್ಯಾಲೆ ಒಲ್ಲೆ ಅನ್ನೂದು ಹೆಂಗ ಅಂತ ಹೂಂ ಅಂದಿದ್ದೆ."

"ಬ್ಯಾಡಾದ್ರ ಕೆಳಗ 'ಪತ್ರ ಬ್ಯಾಡ' ಅಂತ ಬಟನ್ ಐತೆಲ್ಲೋ!"

"ಅದನ್ನ ಒತ್ತಿದ್ರ ನಿನಗ ಹೆಸರು ಹೋಗತೈತಿ. ಮೈಲಾರಿ ಒತ್ತಿದ್ದಕ್ಕ ಚಾದಂಗಡಿ ಮುಂದ ಹಿಡಕೊಂಡು, ಯಾಕ ಒತ್ತಿದಿ, ನಂದೇನ್ ತಪ್ಪಾತು ಅಂತ ಅರ್ಧಾ ತಾಸು ಕಾಡಿದಿ. ಬಾಷಾಬಿಗೆ ಮೂರು ಸಲ ಫೋನ್ ಹಚ್ಚಿದಿ. ಆಮ್ಯಾಲೆ ಎಲ್ಲಾರೂ ಒಬ್ಬರಿಗೊಬ್ಬರು ಹೇಳಿದ್ರು. ಕೆಳಗಿಂದು ಒತ್ತಬ್ಯಾಡ್ರಿ, ಫಯಾಜ್ ಮನಸಿಗೆ ಹಚ್ಕೋತಾನ. ಮ್ಯಾಲಿನ ಸ್ಪ್ಯಾಮ್ ಒತ್ರಿ, ಯಾರಂತ ಗೊತ್ತಾಗೂದಿಲ್ಲ."

ಹಗೆ ಅಲ್ಲರಿ! ನನ್ನ ಮನಸು ನೋಯಬಾರದು ಅಂತ ಒತ್ಯಾರ. ನಾ ಪ್ರೀತಿಲೆ ಕೇಳ್ತೀನಿ ಅನ್ಕೊಂಡಿದ್ದೆ, ಅವರು ನನ್ನ ಬಾಯಿಗೆ ಅಂಜಿ ಕುಂತಾರ.

ಮಡಿವಾಳೆಪ್ಪ ನನ್ನ ಹೆಗಲ ಮ್ಯಾಲೆ ಕೈ ಇಟ್ಟು ನಕ್ಕ. "ಒಂದು ಪತ್ರ ಹೋದ್ರ ಹೋತು ಬಿಡಪಾ, ಏನ್ ಮುಳುಗಿತು ಈಗ?"

"ಅಪ್ಪಾ," ಮಷಿನ್ ಹಿಂದಿಂದ ರೋಹಿಣಿ ಅಂದ್ಲು, "ನನಗ ಬರೂ ಪತ್ರನೂ ಸ್ಪ್ಯಾಮಿನಾಗ ಬಿದ್ದಾವು. ಹುದ್ದೆ ಕರದಿದ್ರು. ನಿನ್ನೆ ಮುಗದು ಹೋತು."

ಅವನ ನಗು ಅರ್ಧಕ್ಕ ನಿಂತಿತು. "ನಿನಗ್ಯಾಕ ಬೀಳತಾವ? ನಾ ನನ್ನ ಫೋನಿನಾಗ ಅಷ್ಟ ಒತ್ತೇನವಾ... ನನ್ನ ಫೋನಿನಾಗ ಅಷ್ಟ..." ಅಂತ ಅದನ್ನ ಮತ್ತ ಮತ್ತ ಅಂದ. ಆಮ್ಯಾಲೆ ನನ್ನ ಮಾರಿ ನೋಡಿದ. ನಾ ಹೌದು ಅಂತ ಗೋಣು ಹಾಕಿದೆ. ಅಂವಾ ಮೆಟ್ಟಲ ಮ್ಯಾಲೆ ಕುಂತಬಿಟ್ಟ.

ರೋಹಿಣಿ ಎದ್ದು ಬಂದು ನನ್ನ ಟೇಬಲ್ ಮುಂದ ನಿಂತ್ಲು. ಕಣ್ಣಾಗ ಒಂದು ಹನಿ ನೀರಿಲ್ಲ.

"ಕಾಕಾ, ನನ್ನ ಹೆಸರು ತಗದುಬಿಡ್ರಿ. ಇನ್ನ ನನಗೂ ಅದು ಬ್ಯಾಡ."

ಮೂರು ವರ್ಷದಾಗ ನನ್ನ ಮಾರಿಗೆ ಮಾರಿ ಕೊಟ್ಟು ಹಂಗಂದಾಕಿ ಆಕಿ ಒಬ್ಬಾಕಿನ. ಪಟ್ಟಿ ತೆರದು ಆಕಿ ಹೆಸರು ಹುಡುಕಿ ಅಳಿಸಿದೆ. ಯಾಕ ಅಂತ ನಾ ಕೇಳಲಿಲ್ಲ.