ಗಣಿ ಶುರುವಾಗೋವರೆಗೆ

ನಮ್ಮಣ್ಣನ ತಲೆಗೆ ವಜ್ರದ ಹುಳ ಬಿಟ್ಟಿದ್ದು ಒಬ್ಬ ಗಿರಾಕಿ. ಅಣ್ಣನದು ಸೋಫಾ ರಿಪೇರಿ ಅಂಗಡಿ. ಹರಿದ ರೆಕ್ಸಿನ್ ಕಿತ್ತು, ಕುಸಿದ ಸ್ಪ್ರಿಂಗ್ ಬಿಗಿದು, ಹೊಸ ಫೋಮ್ ತುಂಬಿ, ಮೇಲೆ ಬಟ್ಟೆ ಎಳೆದು ಮೊಳೆ ಹೊಡೆಯೋ ಕೆಲಸ. ನಾನು ಅವನ ತಂಗಿ. ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಶನ್ ಕವರ್ ಹೊಲೀತೀನಿ. ನನ್ನ ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೇ ಬಂದುಬಿಟ್ಟೆ. ಅತ್ತಿಗೆ ಅಷ್ಟು ಹೊತ್ತಿಗಾಗಲೇ ಹೋಗಿಬಿಟ್ಟಿದ್ದರು. ಮನೆಯಲ್ಲಿ ಈಗ ಅಣ್ಣ, ನಾನು, ಅವನ ಒಬ್ಬಳೇ ಮಗಳು.

ಆ ಗಿರಾಕಿ ಷೇರು ಕಚೇರಿಯವನು. ರಿಪೇರಿಯಾದ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಅರ್ಧ ಗಂಟೆ ಅಣ್ಣನ ಕಿವಿ ಊದಿದ. ಯಾವುದೋ ಸಣ್ಣ ಕಂಪನಿ ವಜ್ರದ ಗಣಿ ತೋಡ್ತಾ ಇದೆಯಂತೆ. ಪರೀಕ್ಷೆಗೆ ಅಂತ ತೆಗೆದ ಮಣ್ಣಲ್ಲೇ ಒಳ್ಳೊಳ್ಳೆ ಕಲ್ಲು ಸಿಕ್ಕಿವೆಯಂತೆ. ಇನ್ನೇನು ಉತ್ಪಾದನೆ ಶುರುವಾಗುತ್ತೆ, ಶುರುವಾದ ಮೇಲೆ ಈ ರೇಟಿಗೆ ಷೇರು ಕಣ್ಣಿಗೂ ಬೀಳಲ್ಲ, ತಗೊಳ್ಳೋದಾದ್ರೆ ಈಗಲೇ ತಗೋಬೇಕು ಅಂದ. ಅಷ್ಟು ಹೇಳಿ ಕುರ್ಚಿ ಆಟೋಗೆ ಏರಿಸ್ಕೊಂಡು ಹೋದ. ಆಮೇಲೆ ಅವನು ಈ ಕಡೆ ತಲೆ ಹಾಕಲಿಲ್ಲ.

ಅಣ್ಣ ಮಗಳ ಮದುವೆಗೆ ಅಂತ ಕೂಡಿಟ್ಟಿದ್ದನ್ನೆಲ್ಲ ತೆಗೆದು ಅದರಲ್ಲಿ ಹಾಕಿದ. ನಾನು ಬಾಯಿ ಬಡ್ಕೊಂಡೆ. "ಅಣ್ಣಾ, ನಾವು ಫೋಮ್ ತುಂಬೋ ಜನ, ಕಲ್ಲಿನ ಸಹವಾಸ ನಮಗ್ಯಾಕೆ?" ಅಂದೆ. "ನಿನಗೇನೇ ಗೊತ್ತು, ಸುಮ್ನೆ ಹೊಲಿ" ಅಂದ. ನನಗೆ ಮೈಯೆಲ್ಲ ಉರಿದುಹೋಯ್ತು. ಆ ದಿನ ಹೊಲಿದ ಕವರ್ ಒಂದೂ ನೆಟ್ಟಗೆ ಬರಲಿಲ್ಲ, ಎಲ್ಲಾ ಬಿಚ್ಚಿ ಮತ್ತೆ ಹೊಲಿದೆ.

ಮದುವೆ ಮಾತು ಆಗಲೇ ಮುಗಿದಿತ್ತು. ಹುಡುಗ ಲಿಫ್ಟ್ ಮೆಕ್ಯಾನಿಕ್. ನಮ್ಮ ಹುಡುಗಿ ರಕ್ತ ಪರೀಕ್ಷೆ ಮಾಡೋ ಲ್ಯಾಬಲ್ಲಿ ಕೆಲಸಕ್ಕಿದಾಳೆ. ಒಂದು ಸಲ ಆ ಕಟ್ಟಡದ ಲಿಫ್ಟ್ ನಡುವೆ ನಿಂತುಹೋಗಿ ಇವಳು ಒಳಗೆ ಸಿಕ್ಕಿಹಾಕ್ಕೊಂಡಳು. ಬಾಗಿಲು ಬಿಡಿಸಿದೋನು ಅವನು. ಬಾಗಿಲ ಸಂದಿಯಿಂದಲೇ "ಹೆದರ್ಬೇಡಿ ಮೇಡಂ, ಇದು ಬೀಳಲ್ಲ" ಅಂದನಂತೆ. ಇವಳು "ನಾನೇನೂ ಹೆದರಿಲ್ಲ, ಬೇಗ ತೆಗೀರಿ, ಸ್ಯಾಂಪಲ್ ಹಾಳಾಗುತ್ತೆ" ಅಂದಳಂತೆ. ಆಮೇಲೆ ಆ ಲಿಫ್ಟ್ ಯಾಕೋ ಪದೇ ಪದೇ ಕೆಡೋಕೆ ಶುರುವಾಯ್ತು ಅಂತ ನಾನು ಅವಳ ಕಾಲೆಳೀತಿದ್ದೆ. ಅವಳು ಕೆಂಪಾಗಿ ಒಳಗೆ ಓಡಿಹೋಗ್ತಿದ್ದಳು. ಒಳ್ಳೇ ಹುಡುಗ. ಮನೆಗೆ ಬಂದ್ರೆ ಯಾರೂ ಹೇಳದೇ ಇದ್ರೂ ಸಡಿಲಾಗಿದ್ದ ಸ್ವಿಚ್ಚು, ಸೋರೋ ನಲ್ಲಿ ನೋಡಿ ಸರಿ ಮಾಡಿ ಹೋಗ್ತಿದ್ದ.

ಗಣಿ ಶುರುವಾದ ಕೂಡಲೇ ಮದುವೆ ಅಂದ ಅಣ್ಣ. ಮೊದಲನೇ ಸಲ ಮಣ್ಣು ತೊಳೆಯೋ ಯಂತ್ರ ಹಡಗಿನ ಬಂದರಿನಲ್ಲೇ ಸಿಕ್ಕಿಕೊಂಡಿದೆ ಅಂತ ಕಂಪನಿಯವರು ಮುಂದಕ್ಕೆ ಹಾಕಿದರು. ಮದುವೆನೂ ಮುಂದಕ್ಕೆ ಹೋಯ್ತು. ಯಂತ್ರ ಬಂತು, ಜೋಡಿಸಿದರು, ಅಷ್ಟರಲ್ಲಿ ಮಳೆ ಹೊಡೆದು ಗುಂಡಿ ತುಂಬಾ ನೀರು ನುಗ್ಗಿತು. ಷೇರಿನ ಬೆಲೆ ಇಳೀತು. ಅಣ್ಣ ಮಾತ್ರ ಇಳೀಲಿಲ್ಲ. ಅವನಿಗೆ ಅದು ಕಂಪನಿ ಆಗಿರಲಿಲ್ಲ, "ನಮ್ಮ ಗಣಿ" ಆಗಿತ್ತು. ಬೆಳಗ್ಗೆ ಹಲ್ಲುಜ್ಜೋಕೆ ಮುಂಚೆ ಫೋನು ನೋಡ್ತಿದ್ದ. ಗಿರಾಕಿ ಬಟ್ಟೆ ಆರಿಸ್ತಾ ನಿಂತಿದ್ರೆ ಅವರಿಗೂ ನೀರು ಎತ್ತೋ ಪಂಪಿನ ಕಥೆ. ಪಕ್ಕದ ಗಾಜಿನ ಅಂಗಡಿಯವನು ಅವನಿಗೆ ಗಣಿ ಧಣಿ ಅಂತ ಹೆಸರಿಟ್ಟ, ಇಡೀ ಬೀದಿ ಅದನ್ನೇ ಹಿಡ್ಕೊಂಡಿತು. ಅಣ್ಣನಿಗೆ ಅದೂ ಖುಷಿಯೇ.

ಗುಂಡಿಗೆ ನೀರು ನುಗ್ಗಿದ ಸುದ್ದಿ ಬಂದ ವಾರ ಹುಡುಗ ಮನೆಗೆ ಬಂದಿದ್ದ. ಕೂತ್ಕೊಂಡು, ಎರಡು ಸಲ ಕೆಮ್ಮಿ ಹೇಳಿದ. "ಅಂಕಲ್, ಛತ್ರ ಗಿತ್ರ ಏನೂ ಬೇಡ. ರಿಜಿಸ್ಟರ್ ಮದುವೆ ಮಾಡ್ಕೋತೀವಿ. ನಮ್ಮಮ್ಮನೂ ಒಪ್ಪಿದಾರೆ."

ಅಣ್ಣನ ಮುಖ ಗಂಟಾಯ್ತು. "ನನ್ನ ಮಗಳೇನು ಓಡಿಹೋಗಿ ಮದುವೆ ಆಗ್ತಿದಾಳಾ, ಕಚೇರೀಲಿ ಸೈನ್ ಹಾಕಿ ಬರೋಕೆ? ಇಷ್ಟು ದಿನ ಕಾದಿದ್ದೀರಿ, ಇನ್ನೊಂದು ಸ್ವಲ್ಪ. ಈಗ ಮಾರಿದ್ರೆ ಹಾಕಿದ್ದರಲ್ಲಿ ಅರ್ಧಾನೂ ಬರಲ್ಲ. ಇನ್ನೇನು ಶುರುವಾಗುತ್ತೆ ಅನ್ನೋವಾಗ ಮಾರೋನು ಮೂರ್ಖ."

ಹುಡುಗ ಇವಳ ಮುಖ ನೋಡಿದ. ಇವಳು, "ಅಪ್ಪ ಹೇಳೋದೂ ಸರಿನೇ, ಸ್ವಲ್ಪ ದಿನ ತಾನೆ" ಅಂದಳು. ನಾನಾಗಿದ್ರೆ ಅಲ್ಲೇ ರಂಪ ಮಾಡ್ತಿದ್ದೆ. ಅವಳಿಗೆ ಅಪ್ಪ ಅಂದ್ರೆ ಪ್ರಾಣ. ಅಮ್ಮ ಹೋದ ಮೇಲೆ ಅವಳ ಜಡೆ ಹಾಕೋದರಿಂದ ಹಿಡಿದು ಎಲ್ಲಾ ಅವನೇ ಮಾಡಿದ್ದ. ಅಂಥ ಅಪ್ಪನಿಗೆ ಎದುರಾಡೋದು ಅವಳಿಗೆ ಬರ್ತಿರಲಿಲ್ಲ.

ಮೂರನೇ ಸಲ ಕಂಪನಿಯ ಕೈಯಲ್ಲಿ ದುಡ್ಡೇ ಖಾಲಿಯಾಯ್ತು. ಹೊಸ ಷೇರು ಮಾಡಿ ಅಗ್ಗಕ್ಕೆ ಮಾರಿದರು, ಹಳೇ ಷೇರಿನ ಬೆಲೆ ಪಾತಾಳಕ್ಕೆ ಹೋಯ್ತು. ಅದೇ ಹೊತ್ತಿಗೆ ಹುಡುಗನಿಗೆ ಬೇರೆ ಊರಿಗೆ ವರ್ಗ. ಅಲ್ಲಿ ದೊಡ್ಡ ದೊಡ್ಡ ಕಟ್ಟಡ ಎದ್ದಿವೆಯಂತೆ, ಲಿಫ್ಟ್ ಕೆಲಸ ಕೈತುಂಬಾ. ಹೋಗೋಕೆ ಮುಂಚೆ ಅಂಗಡಿಗೇ ಬಂದ. ಕೂರು ಅಂದ್ರೂ ಕೂರಲಿಲ್ಲ.

"ಅಂಕಲ್, ಒಂದು ತಾರೀಖು ಹೇಳಿ. ಯಾವುದಾದ್ರೂ ಸರಿ, ಮುಂದಿನ ವರ್ಷದ್ದಾದ್ರೂ ಸರಿ."

ಅಣ್ಣ ಬಾಯಲ್ಲಿದ್ದ ಮೊಳೆ ತೆಗೆದು, ಕೈ ಒರೆಸ್ಕೊಂಡು, ಫೋನಲ್ಲಿ ಯಂತ್ರದ ಫೋಟೋ ತೋರಿಸಿದ. "ನೋಡು, ಹೊಸ ಬೆಲ್ಟ್ ಹಾಕಿದಾರೆ. ಇದರ ಮೇಲೆ ಕಲ್ಲು ಬರ್ತವೆ."

ಹುಡುಗ ಫೋಟೋನ ತುಂಬಾ ಹೊತ್ತು ನೋಡಿದ. "ಚೆನ್ನಾಗಿದೆ ಅಂಕಲ್" ಅಂದ. ನನಗೆ ಹೋಗ್ಬರ್ತೀನಿ ಅಂತ ಹೇಳಿ ಹೊರಟ. ಹುಡುಗಿ ಬಸ್ ಸ್ಟಾಂಡಿನವರೆಗೂ ಬಿಟ್ಟು ಬರೋಕೆ ಹೋದಳು. ತಡವಾಗಿ ಬಂದಳು, ತಲೆನೋವು ಅಂತ ಮಲಗಿಬಿಟ್ಟಳು. ನಾನು ಮಾತ್ರೆ ಕೊಟ್ಟೆ.

ಆಮೇಲೆ ವರ್ಷದ ಮೇಲಾಯ್ತು. ನಾನೂ ಅಣ್ಣನೂ ದಿನಾ ಜಗಳ. ನಿನ್ನ ಕಲ್ಲು ಎಲ್ಲಿ ಬಂತು, ದಾರಿಯಲ್ಲಿ ಇಳಿದು ಟೀ ಕುಡೀತಿದ್ಯಾ ಅಂತ ನಾನು ಅಣಕಿಸ್ತಿದ್ದೆ. ಬರುತ್ತೆ ಬಿಡೇ, ಬಂದಾಗ ನಿನ್ನ ಬಾಯಿಗೆ ಬೀಗ ಅಂತ ಅವನು. ಹುಡುಗಿ ಊಟ ಬಡಿಸ್ತಾ ನಮ್ಮಿಬ್ಬರನ್ನೂ ನೋಡಿ ನಗ್ತಿದ್ದಳು. ಅವಳು ಬಾಲ್ಕನಿಯಲ್ಲಿ ನಿಂತು ಫೋನಲ್ಲಿ ಮಾತಾಡೋದು ಕಡಿಮೆಯಾಗಿದ್ದು ನನ್ನ ಕಣ್ಣಿಗೂ ಬಿದ್ದಿತ್ತು. ಹುಡುಗನಿಗೆ ಹೊಸ ಊರು, ಮೈಮುರಿಯೋ ಕೆಲಸ, ಪಾಪ ಅಂದ್ಕೊಂಡೆ.

ಕೊನೆಗೂ ಗಣಿ ಶುರುವಾಯ್ತು. ಸುಳ್ಳಲ್ಲ, ನಿಜವಾಗಲೂ ಶುರುವಾಯ್ತು. ಮೊದಲ ತಿಂಗಳ ಕಲ್ಲುಗಳು ಒಳ್ಳೇ ಬೆಲೆಗೆ ಹೋದವು ಅಂತ ಸುದ್ದಿ ಬಂತು, ಷೇರು ಸರ್ರನೆ ಏರಿ ಅಣ್ಣ ಹಾಕಿದ್ದನ್ನೂ ದಾಟಿ ಮೇಲೆ ಹೋಯ್ತು. ಅವತ್ತು ಮಧ್ಯಾಹ್ನವೇ ಅಂಗಡಿ ಷಟರ್ ಎಳೆದ. ಗಾಜಿನ ಅಂಗಡಿಯವನು ಬಂದು ಕೈಕುಲುಕಿ, "ಧಣೀ, ಇನ್ಮೇಲೆ ತಮಾಷೆಗೆ ಕರೆಯಲ್ಲ" ಅಂದ. ನಾನೂ ಸೋತೆ ಅಂತ ಒಪ್ಕೊಂಡೆ. ಸುಳ್ಳು ಯಾಕೆ ಹೇಳ್ಲಿ, ನನಗೂ ಸಂತೋಷವಾಗಿತ್ತು.

ಸಂಜೆ ಹುಡುಗಿ ಲ್ಯಾಬಿಂದ ಬಂದಾಗ ಚಪ್ಪಲಿ ಬಿಡೋಕೂ ಬಿಡಲಿಲ್ಲ ಅಣ್ಣ. "ಬಾರಮ್ಮಾ, ನಿನ್ನೆದುರಿಗೇ ಮಾತಾಡ್ತೀನಿ. ತಾರೀಖು ಕೇಳಿದ್ನಲ್ಲ, ಇವತ್ತು ನಾನೇ ಹೇಳ್ತೀನಿ." ಹುಡುಗನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ಅಪ್ಪ, ಬೇಡ" ಅಂದಳು ಅವಳು.

"ನಾಚ್ಕೋಬೇಡ, ಸುಮ್ನಿರು."

"ಅಪ್ಪ, ಇಡು ಅದನ್ನ."

ಅಷ್ಟರಲ್ಲಿ ಆ ಕಡೆಯಿಂದ ಅಂಕಲ್ ಅನ್ನೋ ದನಿ ಬಂತು. ಅಣ್ಣ ಒಂದೇ ಉಸಿರಿಗೆ ಗಣಿ, ಕಲ್ಲು, ಬೆಲೆ, ಛತ್ರ, ಯಾವ ತಿಂಗಳು ಬೇಕೋ ಹೇಳು ಅಂತೆಲ್ಲ ಒದರಿದ. ಆ ಕಡೆ ಹಿಂದೆ ಎಲ್ಲೋ ಪಾತ್ರೆ ಸದ್ದು. ಒಂದು ಹೆಣ್ಣಿನ ದನಿ, ಯಾರ್ರೀ ಅಂತ ಕೇಳ್ತು. ಹುಡುಗ ಫೋನಿಂದ ಬಾಯಿ ಆಚೆ ತಗೊಂಡು, "ಪರಿಚಯದವರು" ಅಂದ.



"ಅಂಕಲ್, ನನಗೆ ಮದುವೆಯಾಗಿ ಆರು ತಿಂಗಳಾಯ್ತು. ಅವಳಿಗೆ ಗೊತ್ತಿದೆ. ನಿಮಗೆ ಹೇಳಿದಾಳೆ ಅಂದ್ಕೊಂಡಿದ್ದೆ." ಆಮೇಲೆ ತುಂಬಾ ಮೆತ್ತಗೆ, "ಗಣಿ ಶುರುವಾಗಿದ್ದು ಒಳ್ಳೇದಾಯ್ತು ಅಂಕಲ್" ಅಂದ. ಅವನ ಮಾತಲ್ಲಿ ಕುಹಕ ಇರಲಿಲ್ಲ. ಇದ್ದಿದ್ರೆ ನಾನಾದ್ರೂ ಬೈದು ಹಗುರಾಗ್ತಿದ್ದೆ.

ಅಣ್ಣ ಫೋನನ್ನ ಮೇಜಿನ ಮೇಲಿಟ್ಟ.

"ಯಾವಾಗ ಮುರೀತಮ್ಮಾ ಇದು?"

"ಅವನು ಆ ಊರಿಗೆ ಹೊರಟ ದಿನ. ಇನ್ನು ಕಾಯಬೇಡ ಅಂತ ನಾನೇ ಹೇಳಿದೆ. ಆಮೇಲೂ ಸುಮಾರು ದಿನ ಕಾದ."

"ನನಗೊಂದು ಮಾತು ಹೇಳ್ಬಾರದಿತ್ತಾ? ಆ ಕ್ಷಣವೇ ಎಲ್ಲಾ ಮಾರಿ ಬಿಸಾಕ್ತಿದ್ದೆ. ಕಲ್ಲು ಮಣ್ಣು ಹಾಳಾಗಿ ಹೋಗಲಿ, ನೀನು ಮುಖ್ಯ ಅಲ್ವೇನೇ ನನಗೆ?"

"ಗೊತ್ತಪ್ಪ." ಅವಳು ಚಪ್ಪಲಿ ಬಿಟ್ಟು ಗೋಡೆಗೆ ಒರಗಿಸಿಟ್ಟಳು. ಅಳು ಇರಲಿಲ್ಲ. ಅತ್ತು ಮುಗಿಸಿ ಎಷ್ಟು ದಿನವಾಗಿತ್ತೋ ಏನೋ. "ನೀನು ಕೇಳಿದ ದಿನ ಹೇಳೋಣ ಅಂತಿದ್ದೆ. ಹುಡುಗ ಹೇಗಿದಾನೆ, ಫೋನ್ ಮಾಡಿದ್ನಾ, ಅಂತ ಒಂದು ಸಲ ಕೇಳಿದ್ರೆ ಸಾಕಾಗಿತ್ತು. ಅಪ್ಪ ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ ನೋಡ್ತಿದ್ದೆ. ನೀನು ಕೇಳಲೇ ಇಲ್ಲ."

ಕೈಕಾಲು ತೊಳೆಯೋಕೆ ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸ್ತು.

ಅಣ್ಣ ನನ್ನ ಮುಖ ನೋಡಿದ. ಬೈಯಲಿ ಅಂತ ಕಾಯ್ತಿದ್ದನೇನೋ. ಇಷ್ಟು ದಿನ ಅವನನ್ನ ಬೈಯೋಕೆ ನಾನು ಒಂದು ನೆಪಕ್ಕೂ ಕಾದೋಳಲ್ಲ. ಆವತ್ತು ಬಾಯಿ ಬರಲಿಲ್ಲ. ನಾನೂ ಅವಳನ್ನ ಒಂದು ಸಲವೂ ಕೇಳಿರಲಿಲ್ಲ.