ಉಲ್ಲನ್ ಹೊದಿಕೆಯ ಮೀನುಗಳು

ಮಂಚದಡಿಯ ಟ್ರಂಕನ್ನು ಎಳೆಯಲು ಸುಗುಣ ಕೂತಳು, ಮತ್ತೆ ಎದ್ದಳು, ಮತ್ತೆ ಕೂತಳು. ಹಾಳು ಮಂಡಿ ಬಗ್ಗುತ್ತಿರಲಿಲ್ಲ. ಹೊರಗೆ ಪದ್ದುವಿನ ಹೆಣಕ್ಕೆ ನೀರು ಹೊಯ್ದು ಮುಗಿದಿತ್ತು. ಗಂಡಸರು ಅಂಗಳದ ಮೂಲೆಯಲ್ಲಿ ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದರು.

"ಬಿಡಿ ಚಿಕ್ಕಿ, ನಾ ಎಳಿತೆ," ಎನ್ನುತ್ತ ಪದ್ದುವಿನ ಸೊಸೆ ದಿವ್ಯಾ ಬಂದಳು. ಅತ್ತೂ ಅತ್ತೂ ಮುಖ ಊದಿತ್ತು. "ಹೊದಿಕೆ ಇದ್ರಂಗೇ ಇತ್ತ್. ಸುಗುಣ ಬಂದ್ರೆ ಅವ್ಳ್ ಕೈಯಂಗೇ ಕೊಡ್ಕ್ ಅಂದಿದ್ರ್ ಅತ್ತೆ."

ಬೆಳಿಗ್ಗೆ ಫೋನು ಬಂದದ್ದೇ, ಬೀಡಿಯ ಮೊರವನ್ನು ಇದ್ದಲ್ಲೇ ಬಿಟ್ಟು, ತಲ್ಲೂರಿನಲ್ಲಿ ಸಿಕ್ಕಿದ ಬಸ್ಸು ಹತ್ತಿ ಸುಗುಣ ಗೆಳತಿಯ ಊರು ಕೋಡಿಗೆ ಬಂದಿದ್ದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿದ್ದದ್ದು ಒಂದೇ ಮಾತು. ಆ ಉಲ್ಲನ್ ಹೊದಿಕೆ ಪದ್ದುವಿನ ಮೈಮೇಲೆ ಬೀಳಬೇಕು. ಇಬ್ಬರಲ್ಲಿ ಯಾರು ಮೊದಲು ಹೋಗುತ್ತಾರೋ ಅವರಿಗೆ ಅದು ಎಂದು ಯಾವತ್ತೋ ಮಾತಾಗಿತ್ತು. ಜನ ಬಿಳಿ ಬಟ್ಟೆ, ಜರಿ ಸೀರೆ ಹೊದೆಸಲಿ. ಪದ್ದು ಮಾತ್ರ ಸೊಟ್ಟ ಮೀನು, ಕುಂಟ ಏಡಿಗಳ ಮೆರವಣಿಗೆಯಲ್ಲಿ ಹೋಗಬೇಕು.

*

ತೊಂಬತ್ತೆಂಟನೆಯ ಇಸವಿ ಇರಬೇಕು. ಆಗ ಯಾರ ಮನೆಗೆ ಹೋದರೂ ಟಿವಿಗೆ ಉಲ್ಲನ್ ಮುಸುಕು, ಬಾಗಿಲಿಗೆ ಉಲ್ಲನ್ ತೋರಣ. ಪದ್ದು ಕುಂದಾಪುರದ ಸಂತೆಯಿಂದ ಒಂದು ಚೀಲ ತುಂಡು ನೂಲು ತಂದಳು. ಒಂದಕ್ಕೊಂದು ಹೊಂದದ ಬಣ್ಣಗಳು. ಭಾನುವಾರ ಬೀಡಿ ಬ್ರಾಂಚಿಗೆ ರಜೆ. ತವರಿನ ನೆಪ ಹೇಳಿ ಸುಗುಣ ಬರುತ್ತಿದ್ದಳು. ಊಟವಾದ ಮೇಲೆ ಇಬ್ಬರೂ ಹಿತ್ತಿಲ ಗಾಳಿಮರದ ನೆರಳಲ್ಲಿ ಕ್ರೋಶ ಕಡ್ಡಿ ಹಿಡಿದು ಕೂರುವುದು.

ಕಲಿಸಿದವರು ಯಾರೂ ಇಲ್ಲ. ಸುಗುಣ ಮೀನು ಮಾಡಲು ಹೊರಟು ಎಂತದೋ ಒಂದು ಮಾಡಿಟ್ಟಳು.

"ಇದೆಂತದ್ ಮಾರಾಯ್ತಿ? ಎರಡ್ ಕಣ್ಣೂ ಒಂದೇ ಬದಿಯಂಗೆ ಇತ್ತಲೆ," ಎಂದಳು ಪದ್ದು.

"ನಂಗ್ ಗೊತ್ತಿಲ್ಲೆ. ಬಂಗ್ಡಿ ಮಾಡುಕ್ ಹೊರಟದ್."

"ಇದ್ ಬಂಗ್ಡಿ ಅಲ್ಲ, ನಂಗ್ ಮೀನ್. ನಂಗಿನ್ ಕಣ್ಣ್ ಹೀಂಗೇ ಇಪ್ಪುದ್. ದೇವ್ರೂ ನಿನ್ ಹಾಂಗೇ ಕೈ ತಪ್ಪಿ ಮಾಡಿದ್ದ್ ಕಾಣ್."

ಪದ್ದು ನಕ್ಕು ನಕ್ಕು ಹೊಯಿಗೆಯ ಮೇಲೆ ಉರುಳಿದಳು. ಅವಳು ಮಾಡಿದ ಏಡಿಗೆ ಕಾಲು ಎಲ್ಲಿ ಸುರು, ಎಲ್ಲಿ ಮುಗಿಯಿತು ಎಂದು ಹೇಳುವವರಿರಲಿಲ್ಲ. ಅದನ್ನು ಕಂಡು ಸುಗುಣನೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಷ್ಟು ನಗಲು ಕಾರಣವಿತ್ತು. ಪದ್ದುವಿನದು ಬಲೆ ಹೆಣೆಯುವ ಕೈ. ಗಂಡ ನಾಗನ ದೋಣಿಯ ಬಲೆ ಹರಿದರೆ ಹೊಲಿಯುವವಳು ಅವಳೇ. ಒಂದೊಂದು ಕಣ್ಣನ್ನೂ ಬಿದಿರು ಪಟ್ಟಿಯ ಅಳತೆಗೆ ಕೂರಿಸಬೇಕು. ಒಂದು ದೊಡ್ಡದಾದರೂ ಮೀನು ಹೋಯಿತು. ಸುಗುಣನ ಬೀಡಿಯೂ ಹಾಗೆಯೇ. ಬ್ರಾಂಚಿನ ಚೆಕ್ಕರ್ ಕಟ್ಟಿನಿಂದ ಎಳೆದೆಳೆದು ನೋಡಿ, ಸೊಟ್ಟ ಕಂಡದ್ದನ್ನು ಅವಳ ಕಣ್ಣೆದುರೇ ಮುರಿದು ಬಿಸಾಡುತ್ತಿದ್ದ. ಬೆಳಗಾದರೆ ಅಳತೆ, ಬೈಗಾದರೆ ಅಳತೆ.

"ಒಂದ್ ಮಾತ್," ಎಂದಿದ್ದಳು ಪದ್ದು. "ಹಾಕಿದ್ದನ್ ಬಿಚ್ಚುಕಾಗ. ತಪ್ಪಾದ್ರೆ ತಪ್ಪೇ ಇರ್ಲಿ. ಇದ್ಕೆ ಅಳತೆ ಹಿಡ್ಕಂಡ್ ಯಾರೂ ಬಪ್ಪುದಿಲ್ಲೆ."

ತುಂಡುಗಳನ್ನು ಒಂದಕ್ಕೊಂದು ಜೋಡಿಸುವುದು ಪದ್ದುವಿನ ಕೆಲಸ. ಸುಗುಣ ತನ್ನದನ್ನು ಕೊಟ್ಟು ಹೋಗುವುದು. ಇಡೀ ಹೊದಿಕೆಯನ್ನು ಮುಗಿದ ಮೇಲೆಯೇ ನೋಡುವುದು ಎಂದು ಪದ್ದು ಹಟ ಹಿಡಿದಿದ್ದಳು. ಆಟದಲ್ಲಿ ಇದೂ ಒಂದು ಆಟ ಎಂದು ಸುಗುಣ ಹದಿನೈದು ವರ್ಷವೂ ನೋಡಲು ಕೇಳಲಿಲ್ಲ. ವಾರವಿಡೀ ಚೆಕ್ಕರನ ಮಾತು ಕೇಳಿ ಬಂದವಳಿಗೆ ಆ ಹಿತ್ತಿಲೊಂದೇ ಉಸಿರು ಬಿಡುವ ಜಾಗ.

*

ದಿವ್ಯಾ ಹೊದಿಕೆಯನ್ನು ಮಂಚದ ಮೇಲೆ ಬಿಡಿಸಿ ಹಾಸಿದಳು. ನುಸಿಗುಳಿಗೆಯ ವಾಸನೆ ಎದ್ದಿತು. ಪಕ್ಕದ ಮನೆಯ ಗಿರಿಜಾ ಬಾಗಿಲಲ್ಲೇ ನಿಂತು ಕೆನ್ನೆಗೆ ಕೈ ಹಚ್ಚಿಕೊಂಡಳು.

"ಎಷ್ಟ್ ಚಂದ ಇತ್ತ್ ಮಾರಾಯ್ತಿ. ಅಂಗ್ಡಿದೇ ಅನ್ಕ್."

ಚಂದ ಇತ್ತು, ಸುಳ್ಳಲ್ಲ. ಸಾಲು ಹಿಡಿದು ನಿಂತ ಮೀನುಗಳು, ಎಲ್ಲ ಒಂದೇ ಅಳತೆ. ಏಡಿಗಳಿಗೆ ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಕಾಲು. ಸುತ್ತಲೂ ಬಿಳಿ ನೂಲಿನ ಅಂಚು, ಗೆರೆ ಎಳೆದ ಹಾಗೆ. ಸುಗುಣ ತನ್ನದನ್ನು ಹುಡುಕಿದಳು. ಒಂದೂ ಸಿಗಲಿಲ್ಲ. ಕೊನೆಗೆ ಬಣ್ಣದಿಂದ ಗುರುತು ಹತ್ತಿತು. ಅರ್ಧ ಗುಲಾಬಿ, ಅರ್ಧ ಮಾಸಲು ಕೆಂಪಿನ ಆ ನೂಲು ಅವಳ ನಂಗು ಮೀನಿನದು. ಈಗ ಅದು ಒಂದೇ ಕಣ್ಣಿನ, ಬಾಲ ನೆಟ್ಟಗಿರುವ ಬಂಗಡೆ. ಮಗುಚಿ ನೋಡಿದಳು. ಒಮ್ಮೆ ಹಾಕಿ ಬಿಚ್ಚಿದ ನೂಲು ಎಷ್ಟು ಎಳೆದರೂ ಸುರುಳಿ ಬಿಡುವುದಿಲ್ಲ. ಹಿಂಬದಿಯಲ್ಲಿ ಉಳಿದ ತುದಿ ಸುರುಳಿ ಸುರುಳಿಯಾಗಿತ್ತು.

"ಇದನ್ ಬಿಚ್ಚಿದ್ದ್ ಯಾರ್?"

"ಅತ್ತೆಯೇ ಚಿಕ್ಕಿ," ಎಂದಳು ದಿವ್ಯಾ. ಹೊಗಳಿಕೆಯ ಮಾತು ಎಂದೇ ಅವಳು ತಿಳಿದಿದ್ದಳು. "ನೀವ್ ಬಸ್ ಹತ್ತುದೇ ತಡ, ಬಿಚ್ಚಿ ಬಿಚ್ಚಿ ಸಮ ಮಾಡ್ತಿದ್ರ್. ಸುಗುಣನ್ ಕೈ ಸೊಟ್ಟ, ನಾಳೆ ನಾಕ್ ಜನ ಕಂಡ್ರೆ ಅವ್ಳನ್ನೇ ನೆಗಾಡ್ತ್ರ್ ಅಂತಿದ್ರ್."

"ಅವ್ಳದ್ದೂ ಸೊಟ್ಟವೇ ಇತ್ತಲೆ."

"ಅತ್ತೆ ಕೈ ಸುರುವಿಂದ್ಲೂ ನೀಟ್. ನಿಮ್ ಎದ್ರಿಗೆ ಮಾತ್ರ ಬೇಕಂದೇಳಿ ತಪ್ಪ್ ಹಾಕುದ್. ನಿಮ್ಗ್ ಬೇಜಾರ್ ಆಪ್ಕಾಗ ಅಂದೇಳಿ. ನಂಗೂ ಹೇಳುಕಾಗ ಅಂದಿದ್ರ್."

ಸುಗುಣ ಮಂಚದ ಅಂಚಿಗೆ ಕೂತುಬಿಟ್ಟಳು. ಹದಿನೈದು ವರ್ಷ. ತಲ್ಲೂರಿನಲ್ಲಿ ಒಬ್ಬ ಚೆಕ್ಕರ್ ಇದ್ದರೆ ಕೋಡಿಯಲ್ಲಿ ಇನ್ನೊಬ್ಬಳು ಇದ್ದಳು. ಅವನಾದರೂ ಮುಖದ ಎದುರೇ ಮುರಿದು ಬಿಸಾಡುತ್ತಿದ್ದ. ಇವಳು ಕೈಹಿಡಿದು ನಕ್ಕು, ಬಸ್ಸಿನ ತನಕ ಬಂದು ಬಿಟ್ಟು, ಮನೆಗೆ ಹೋಗಿ ಬಿಚ್ಚುತ್ತಿದ್ದಳು. ಹೊಯಿಗೆಯಲ್ಲಿ ಉರುಳಿದ ಆ ನಗುವಾದರೂ ನಿಜವೋ, ಅದೂ ತನ್ನ ಸಮಾಧಾನಕ್ಕೆ ಹಾಕಿದ್ದೋ? ಕೇಳೋಣವೆಂದರೆ ಕಳ್ಳಿ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಾಳೆ. ಸುಗುಣನ ಕಣ್ಣಲ್ಲಿ ಅಷ್ಟು ಹೊತ್ತು ಇದ್ದ ನೀರು ಆರಿಹೋಯಿತು. ಉಳಿದದ್ದು ಬರೀ ಸಿಟ್ಟು.

"ಹ್ವಾಯ್, ಬಟ್ಟೆ ಹಾಕುವರ್ ಇದ್ರೆ ಹಾಕಿ, ಬಿಸ್ಲ್ ಏರ್ತಾ ಇತ್ತ್," ಎಂದು ಅಂಗಳದಿಂದ ಹಿರಿಯ ಚಂದಯ್ಯ ಕರೆದ.

ಪದ್ದುವಿನ ಮಗ ರವಿಚಂದ್ರ ಒದ್ದೆ ಪಂಚೆಯಲ್ಲೇ ಒಳಗೆ ಇಣುಕಿದ. "ಚಿಕ್ಕಿ, ಹೊದಿಕೆ ತನ್ನಿ. ಅಮ್ಮನ್ ಆಸೆ ಅದೊಂದೇ."

"ನಾ ಹೊದೆಸುದಿಲ್ಲೆ."

"ಎಂತಕೆ?"

"ನಿನ್ ಅಮ್ಮ ನಂಗೂ ಒಂದ್ ಮಾತ್ ಕೊಟ್ಟಿದ್ಲ್ ಮಗಾ. ಅದ್ ಉಳಿಸ್ಕಳ್ಳಿಲ್ಲೆ."

ಅವನಿಗೆ ಅರ್ಥವಾಗಲಿಲ್ಲ. ದಿವ್ಯಾ ಬಿಕ್ಕಿದಳು. ಸುಗುಣ ಟ್ರಂಕಿನ ತಳದಲ್ಲಿದ್ದ ಕ್ರೋಶ ಕಡ್ಡಿಯನ್ನು ತೆಗೆದುಕೊಂಡು, ಹೊದಿಕೆಯನ್ನು ಬಾಚಿ ಎದೆಗೊತ್ತಿಕೊಂಡು ಅಂಗಳಕ್ಕೆ ಇಳಿದಳು.

ಬಾಳೆಲೆಯ ಮೇಲೆ ಪದ್ದು ಅರಿಶಿನ ಹಚ್ಚಿಸಿಕೊಂಡು ಮಲಗಿದ್ದಳು. ಸುಗುಣ ತುಳಸಿದಳದಿಂದ ಅವಳ ಬಾಯಿಗೆ ನೀರು ಬಿಟ್ಟಳು. ಆಮೇಲೆ ಪಕ್ಕದಲ್ಲೇ ನೆಲಕ್ಕೆ ಕೂತು, ಮಂಡಿ ಚುಳ್ಳೆಂದರೂ ಲೆಕ್ಕಿಸದೆ, ಆ ಬಿಳಿ ಅಂಚಿನ ತುದಿಯನ್ನು ಉಗುರಲ್ಲಿ ಹುಡುಕಿ ಎಳೆದಳು. ತುದಿ ಸಿಕ್ಕಿದ ಮೇಲೆ ಕ್ರೋಶ ಬಿಚ್ಚಲು ಎಷ್ಟು ಹೊತ್ತು? ಗೆರೆಯಂಥ ಅಂಚು ಸರಸರನೆ ಬಿಚ್ಚಿಕೊಂಡು ಮಡಿಲಲ್ಲಿ ಗುಪ್ಪೆಯಾಯಿತು.

"ಎಂತ ಮಾಡ್ತ್ ಇವ್ಳ್?" ಎಂದ ಚಂದಯ್ಯ.

ಸುಗುಣನ ಕಡ್ಡಿ ಓಡಿತು. ಒಂದು ಸುತ್ತು ಸಡಿಲ, ಇನ್ನೊಂದು ಬಿಗಿ. ಕಣ್ಣು ತಪ್ಪಿತು, ತಪ್ಪಿದ್ದರ ಮೇಲೆಯೇ ಮತ್ತೆ ಹಾಕಿದಳು. ಮೀನಲ್ಲ, ಏಡಿಯಲ್ಲ, ಸಮುದ್ರದಲ್ಲಿ ಎಲ್ಲೂ ಇಲ್ಲದ ಒಂದು ಪ್ರಾಣಿ ಹೊದಿಕೆಯ ಮೂಲೆಯಿಂದ ಹೊರಗೆ ಬೆಳೆಯಿತು. ಗಂಡಸರು ಚಟ್ಟ ಕಟ್ಟಿ ಮುಗಿಸಿ ಕಾದು ನಿಂತಿದ್ದರು. ಸುಗುಣ ನೂಲನ್ನು ಹಲ್ಲಿನಿಂದ ಕಡಿದು, ಹೊದಿಕೆಯನ್ನು ಗೆಳತಿಯ ಕುತ್ತಿಗೆಯವರೆಗೆ ಎಳೆದು ಹೊದೆಸಿದಳು.

"ಈಗ ತಿದ್ದ್, ಕಾಂಬ," ಎಂದಳು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಚಟ್ಟ ಎದ್ದಿತು. ಹೆಂಗಸರು ಬೇಲಿಯ ಹತ್ತಿರ ನಿಂತರು. ಕಡಲ ಕಡೆಯ ಓಣಿಯಲ್ಲಿ ಗಾಳಿ ಜೋರಾಗಿತ್ತು. ಚಟ್ಟದ ಬದಿಯಿಂದ ಜೋತುಬಿದ್ದ ಆ ಬಿಳಿ ಪ್ರಾಣಿ ರವಿಚಂದ್ರನ ಬರಿ ಬೆನ್ನಿಗೆ ಬಡಿಯುತ್ತಿತ್ತು. ಒಳಗೆ ಸಿಕ್ಕಿಸೋಣವೆಂದು ಅವನು ಒಮ್ಮೆ ಭುಜ ಕೊಡವಿದ. ಎರಡು ಕೈಯೂ ಬಿದಿರಿನ ಮೇಲಿದ್ದವು, ಅದು ಹಾಗೆಯೇ ಜೋತಾಡುತ್ತ ಹೋಯಿತು.